ಎರಡು ಜಾರು, ಒಂದು ಮೂಗು

ಮಿಕ್ಸಿ ಜಾರಿನ ಮುಚ್ಚಳದ ಒಳಗೆ ಒಂದು ರಬ್ಬರಿನ ಬಳೆ ಇರುತ್ತದೆ. ನಿಮ್ಮ ಮನೆಯದನ್ನು ಕಡೆಯ ಸಲ ಬಿಚ್ಚಿ ನೋಡಿದ್ದು ಯಾವಾಗ ಎಂದು ಕೇಳಿದರೆ ಸಿಟ್ಟಾಗಬೇಡಿ. ಅದನ್ನು ಬಿಚ್ಚಬಹುದು ಎಂಬುದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಇವತ್ತು ಬೆಳಿಗ್ಗೆ ಚಮಚದ ಹಿಡಿಯ ತುದಿಯಿಂದ ನಮ್ಮ ಮನೆಯ ಮುಚ್ಚಳದ ರಬ್ಬರನ್ನು ಎಬ್ಬಿಸಿ ತೆಗೆದು, ಈಚಿನ ಅಭ್ಯಾಸದಂತೆ ಮೂಗಿನ ಹತ್ತಿರ ಹಿಡಿದೆ. ಮೊದಲು ನಿನ್ನೆಯ ಪುದೀನ ಬಂತು. ಅದರ ಹಿಂದೆ ಶುಂಠಿ. ಇನ್ನೂ ಸ್ವಲ್ಪ ಉಸಿರೆಳೆದುಕೊಂಡರೆ, ಎಲ್ಲಕ್ಕೂ ಕೆಳಗೆ, ಕಳೆದ ವಾರದ ಬೆಳ್ಳುಳ್ಳಿ ಆರಾಮಾಗಿ ಕೂತಿತ್ತು. ಶಾಲೆಗೆ ಹೊರಟಿದ್ದ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿ, ರಿಟೈರಾದ ಬೇರೆ ಗಂಡಸರು ಬೆಳಿಗ್ಗೆ ಎದ್ದು ಹೂವು ಮೂಸುತ್ತಾರೆ ಎಂದು ಹೇಳಿ ಹೋದಳು.

ನಾನು ಶಿವಮೊಗ್ಗದ ನವುಲೆಯ ಕೃಷಿ ಕಾಲೇಜಿನ ಪ್ರಯೋಗಾಲಯದಲ್ಲಿ ಮಣ್ಣು ಪರೀಕ್ಷಿಸುವ ಕೆಲಸದಲ್ಲಿದ್ದವನು. ಪರೀಕ್ಷೆ ಎಂದರೆ ದೊಡ್ಡ ಮಾತಾಯಿತು. ನನ್ನ ಸರ್ವೀಸಿನ ಬಹುಪಾಲು ಕಳೆದದ್ದು ಗಾಜಿನ ಬೀಕರುಗಳನ್ನು ತೊಳೆಯುವುದರಲ್ಲಿ, ಇಲ್ಲವೇ ತೊಳೆಯುವವರ ಬೆನ್ನ ಹಿಂದೆ ನಿಂತು ತಪ್ಪು ಹುಡುಕುವುದರಲ್ಲಿ. ವಿದ್ಯಾನಗರದ ನಮ್ಮ ಮನೆಯಲ್ಲಿ ಮಿಕ್ಸಿಯ ಉಸ್ತುವಾರಿ ನನಗೆ ಸಿಕ್ಕಿದ್ದು ಈ ಅನುಭವದ ಬಲದ ಮೇಲೆ ಎಂದು ನಾನು ಹೇಳಿಕೊಂಡು ತಿರುಗುತ್ತೇನೆ. ಬೇರೆ ಯಾವ ಕೆಲಸ ಕೊಟ್ಟರೂ ನಾನು ಅದನ್ನು ಇಬ್ಬರ ಕೆಲಸ ಮಾಡಿಡುತ್ತೇನೆ, ಅದಕ್ಕೇ ಇದನ್ನು ಕೊಟ್ಟದ್ದು ಎಂಬುದು ಹೆಂಡತಿಯ ವಿವರಣೆ.

ಮಿಕ್ಸಿ ತೊಳೆಯುವುದರಲ್ಲಿ ಏನಿದೆ ಎಂದು ನಾನೂ ಅಂದುಕೊಂಡಿದ್ದೆ. ಜಾರಿಗೆ ನೀರು ಹಾಕಿ, ಎರಡು ತೊಟ್ಟು ಸೋಪಿನ ದ್ರಾವಣ ಬಿಟ್ಟು, ಒಂದು ಸುತ್ತು ತಿರುಗಿಸಿ ಚೆಲ್ಲಿದರೆ ಮುಗಿಯಿತು ಎಂದು ಲೋಕ ನಂಬಿದೆ. ಮೇಲಿಂದ ನೋಡಿದರೆ ಜಾರು ಫಳಫಳ ಹೊಳೆಯುತ್ತದೆ, ನಿಜ. ಅದನ್ನು ಮಗುಚಿ ತಳ ನೋಡಿ. ಬ್ಲೇಡಿನ ಅಡಿಯಲ್ಲಿ, ಮೋಟಾರಿಗೆ ಕೂರುವ ಜಾಗದ ಸುತ್ತ, ಕಪ್ಪಗೆ ಒಂದು ಪಾಕ ಮೆತ್ತಿಕೊಂಡಿರುತ್ತದೆ. ಅದರಲ್ಲಿ ನಿಮ್ಮ ಮನೆಯ ಯಾವ ಹಬ್ಬದ ಹೋಳಿಗೆಯ ಹೂರಣ ಇದೆಯೋ ಹೇಳುವುದು ಕಷ್ಟ. ಇನ್ನು ಮಿಕ್ಸಿಯ ಹೊಟ್ಟೆಯ ಕೆಳಗೆ ಗಾಳಿಯಾಡಲು ಸೀಳುಗಳಿರುತ್ತವೆ. ಅಲ್ಲಿಂದ ನಾನು ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಸಾಸಿವೆ, ಒಣಗಿದ ದೋಸೆಹಿಟ್ಟು, ಮತ್ತು ಒಮ್ಮೆ ಒಂದು ಜಿರಲೆಯ ಸಂಸಾರವನ್ನೇ ಹೊರಗೆ ಹಾಕಿದ್ದೇನೆ. ಬೀಕರು ತೊಳೆದ ಉತ್ಸಾಹದಲ್ಲಿ ಮೋಟಾರಿನ ಭಾಗವನ್ನೂ ನಲ್ಲಿಯ ಕೆಳಗೆ ಹಿಡಿದದ್ದುಂಟು. ಆಮೇಲೆ ಮಿಕ್ಸಿ ಬಹಳ ದಿನ ನನ್ನೊಡನೆ ಮಾತಾಡಲಿಲ್ಲ. ಮನೆಯವಳೂ ಅಷ್ಟೆ.

ಆದರೆ ರಬ್ಬರಿನ ವಿಷಯ ಬೇರೆ. ಪ್ರಯೋಗಾಲಯದಲ್ಲೇ ಇದನ್ನು ಗಮನಿಸಿದ್ದೆ. ಗಾಜನ್ನು ಸರಿಯಾಗಿ ತೊಳೆದರೆ ಅದು ಹಿಂದಿನದನ್ನೆಲ್ಲ ಮರೆತುಬಿಡುತ್ತದೆ; ಬಾಟಲಿಯ ರಬ್ಬರು ಬಿರಡೆ ಮಾತ್ರ ಏನನ್ನೂ ಸುಲಭಕ್ಕೆ ಬಿಡುವುದಿಲ್ಲ. ಮಿಕ್ಸಿಯ ರಬ್ಬರೂ ಅದೇ ಜಾತಿಯದು. ಕಡಲೆಹಿಟ್ಟು ಸವರಿ ಉಜ್ಜಿ, ಅಡುಗೆ ಸೋಡಾದ ನೀರಿನಲ್ಲಿ ನೆನೆಹಾಕಿ, ಬಿಸಿಲಿಗಿಟ್ಟು ತೆಗೆಯಬೇಕು. ಬಿಸಿಲು ಹೆಚ್ಚಾದರೆ ಬಿರುಸಾಗಿ ಮುಚ್ಚಳಕ್ಕೆ ಕೂರುವುದಿಲ್ಲ, ಕಡಿಮೆಯಾದರೆ ಮುಗ್ಗಲು ಹಿಡಿಯುತ್ತದೆ. ಇಷ್ಟೆಲ್ಲ ನನಗೆ ಹೇಳಿಕೊಟ್ಟವರು ಭದ್ರಾವತಿಯಲ್ಲಿರುವ ನನ್ನ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ. ಅವರು ಇದನ್ನೆಲ್ಲ ಯಾಕೆ ಕಲಿತರು ಎಂದು ತಿಳಿದುಕೊಳ್ಳಲು ನನಗೆ ಬೇಕಾದಷ್ಟು ದಿನ ಹಿಡಿಯಿತು.

ಅಣ್ಣ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಕ್ವಾರ್ಟರ್ಸಿನಲ್ಲಿ ಬಹುಕಾಲ ಇದ್ದು, ಆಮೇಲೆ ಅದೇ ಊರಿನಲ್ಲಿ ಪುಟ್ಟದೊಂದು ಮನೆ ಕಟ್ಟಿಸಿಕೊಂಡ. ನಾವು ಹುಟ್ಟಿ ಬೆಳೆದದ್ದು ಬೆಳ್ಳುಳ್ಳಿ ಹೊಸಿಲು ದಾಟದ ಮನೆಯಲ್ಲಿ; ನನ್ನ ಅಡುಗೆಮನೆಗೆ ಅದು ಬಂದದ್ದೂ ಬಹಳ ಆಮೇಲೆ. ಆದರೆ ಕ್ವಾರ್ಟರ್ಸಿನಲ್ಲಿ ಒಂದು ಕಡೆ ತಮಿಳರು, ಇನ್ನೊಂದು ಕಡೆ ತೆಲುಗಿನವರು. ಶಿಫ್ಟಿನಲ್ಲಿ ಎಲ್ಲರ ಡಬ್ಬಿಗಳೂ ಒಟ್ಟಿಗೇ ಬಿಚ್ಚಿಕೊಳ್ಳುತ್ತಿದ್ದವು. ಅಲ್ಲಿ ಅಣ್ಣನಿಗೆ ಬೆಳ್ಳುಳ್ಳಿಯ ರುಚಿ ಹತ್ತಿತು. ಮನೆಯಲ್ಲೂ ಬೆಳ್ಳುಳ್ಳಿ ಚಟ್ನಿಪುಡಿ ಬೇಕೆಂದು ಹಟ ಹಿಡಿದಾಗ ಅತ್ತಿಗೆ ಕೆಲವು ತಿಂಗಳು ಕೇಳಿಸಿಕೊಳ್ಳದವರ ಹಾಗೆ ಇದ್ದರು. ಕಡೆಗೆ ಅಂಗಡಿಗೆ ಹೋಗಿ ಮಿಕ್ಸಿಗೆ ಇನ್ನೊಂದು ಜಾರು ತಂದು, ಬೆಳ್ಳುಳ್ಳಿ ಏನಿದ್ದರೂ ಇದರಲ್ಲೇ, ತಮ್ಮ ಜಾರನ್ನು ಯಾರೂ ಮುಟ್ಟಕೂಡದು ಎಂದು ಕರಾರು ಮಾಡಿದರು. ಹೊಸದಕ್ಕೆ ಕಾರ್ಖಾನೆ ಜಾರು ಎಂದು ಹೆಸರಾಯಿತು, ಹಳೆಯದು ಮಡಿ ಜಾರು.

ತಮಾಷೆಯೆಂದರೆ ಎರಡೂ ಒಂದೇ ಕಂಪನಿಯವು, ಒಂದೇ ಅಳತೆಯವು, ಅಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ದೇವರಿಗೂ ತಿಳಿಯದು. ಒಂದಕ್ಕೆ ಬಣ್ಣ ಹಚ್ಚಿ, ದಾರ ಕಟ್ಟಿ ಎಂದು ನಾನು ಎಷ್ಟೋ ಸಲ ಹೇಳಿದೆ. ಅತ್ತಿಗೆ ನಕ್ಕು, "ಮೂಗು ಇರೋದು ಯಾತಕ್ಕೆ ಮಾರಾಯ?" ಅನ್ನುತ್ತಿದ್ದರು. ರುಬ್ಬುವ ಮೊದಲು ಖಾಲಿ ಜಾರನ್ನು ಎತ್ತಿ, ಕಣ್ಣು ಅರೆಮುಚ್ಚಿ, ಒಂದು ಸಲ ಮೂಸುತ್ತಿದ್ದರು. ಅಷ್ಟರಲ್ಲಿ ತೀರ್ಮಾನ ಆಗಿಬಿಡುತ್ತಿತ್ತು.

ಆ ಮೂಗಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಬೆಳಿಗ್ಗೆ ಕಾಯಿಸಿದ ಹಾಲು ಸಂಜೆಗೆ ಒಡೆಯುತ್ತದೋ ಇಲ್ಲವೋ ಎಂದು ಅವರು ಬೆಳಿಗ್ಗೆಯೇ ಹೇಳುತ್ತಿದ್ದರು. ನಾನು ಭದ್ರಾವತಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮೆಣಸಿನಕಾಯಿ ಬಜ್ಜಿ ತಿಂದು, ಬಾಯಿ ಮುಕ್ಕಳಿಸಿ, ಏಲಕ್ಕಿ ಜಗಿದು ಅವರ ಮನೆಗೆ ಹೋದರೂ, ಗೇಟಿನ ಹತ್ತಿರವೇ, ಹಾಗಾದರೆ ನಿನಗೆ ಊಟಕ್ಕೆ ಸ್ವಲ್ಪ ತಡವಾದರೂ ಆದೀತು ಅನ್ನುತ್ತಿದ್ದರು. ಒಂದು ಮಧ್ಯಾಹ್ನ ನನ್ನ ಜೊತೆ ಮಾತಾಡುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿ ಎದ್ದು ಪಕ್ಕದ ಮನೆಗೆ ಹೋದರು. ಅವರ ಸಿಲಿಂಡರಿನ ರಬ್ಬರು ಪೈಪು ಸೀಳಿತ್ತು. ವಾಪಸು ಬಂದು ನಿಲ್ಲಿಸಿದಲ್ಲಿಂದಲೇ ಮಾತು ಮುಂದುವರಿಸಿದರು. ನಮ್ಮ ಅಮ್ಮ ಅಡುಗೆಮನೆಯನ್ನು ಸೊಸೆಗೆ ಬಿಟ್ಟುಕೊಟ್ಟದ್ದು ಈ ಮೂಗನ್ನು ನಂಬಿ. ಅಮ್ಮ ಸುಲಭಕ್ಕೆ ಯಾರನ್ನೂ ನಂಬುವವಳಾಗಿರಲಿಲ್ಲ.

ಅಮ್ಮನ ತಿಥಿ ಪ್ರತಿವರ್ಷ ಭದ್ರಾವತಿಯ ಅಣ್ಣನ ಮನೆಯಲ್ಲೇ. ಅಣ್ಣ ಉಳಿದ ದಿನಗಳಲ್ಲಿ ಸಂಧ್ಯಾವಂದನೆ ತಪ್ಪಿಸಿಕೊಳ್ಳುವ ಆಸಾಮಿ. ತಿಥಿ ಬಂತೆಂದರೆ ಮಾತ್ರ ಬೇರೆಯೇ ಮನುಷ್ಯ. ಮುಂಚಿನ ದಿನಗಳಿಂದಲೇ ಬೆಳ್ಳುಳ್ಳಿ ಬಂದ್. ಬಾಳೆಎಲೆಯಲ್ಲಿ ಒಂದು ಸೀಳಿದ್ದರೂ ಆಗುವುದಿಲ್ಲ. ನೆಂಟರೆಲ್ಲ ಈಗ ಮಠದ ಛತ್ರದಲ್ಲಿ ಅಚ್ಚುಕಟ್ಟಾಗಿ ಮಾಡಿ ಮುಗಿಸುತ್ತಾರೆ, ನಾವೂ ಹಾಗೇ ಮಾಡೋಣ ಎಂದು ಒಮ್ಮೆ ಸಲಹೆ ಕೊಟ್ಟು ಬೈಸಿಕೊಂಡಿದ್ದೇನೆ. ಅಮ್ಮ ಬರುವುದಾದರೆ ಮನೆಗೆ ಬರುತ್ತಾಳೆ, ಛತ್ರ ಹುಡುಕಿಕೊಂಡು ಹೋಗುವುದಿಲ್ಲ ಎಂದಿದ್ದ. ಬಹಳ ಹಿಂದೆ ಒಂದು ವರ್ಷ ಅತ್ತಿಗೆ ಮಲಗಿಬಿಟ್ಟಿದ್ದರಿಂದ ಅಡುಗೆಯವರನ್ನು ಕರೆಸಿದ್ದ. ಆ ತಿಥಿಯನ್ನು ಅತ್ತಿಗೆ ಇವತ್ತಿಗೂ ಲೆಕ್ಕಕ್ಕೆ ಹಿಡಿದಿಲ್ಲ. ವರ್ಷದಲ್ಲಿ ಆ ಒಂದು ದಿನದ ಅಡುಗೆ ತಮ್ಮ ಕೈಯದೇ ಆಗಬೇಕು ಎಂಬುದು ಅವರ ಪಾಲಿಗೆ ಅತ್ತೆಗೆ ಕೊಟ್ಟ ಮಾತಿನ ಹಾಗೆ.

ನಿಮಗೆ ತಿಳಿದಿರಬಹುದು, ತಿಥಿಯ ಅಡುಗೆಯನ್ನು ಮಾಡುವಾಗ ರುಚಿ ನೋಡುವ ಹಾಗಿಲ್ಲ. ಮೂಸುವ ಹಾಗೂ ಇಲ್ಲ. ಎಲೆಗೆ ಬಡಿಸಿ ಬ್ರಾಹ್ಮಣರು ಉಂಡು ಏಳುವ ತನಕ ಉಪ್ಪು ಹೆಚ್ಚೋ ಕಡಿಮೆಯೋ ಅಂದಾಜೇ ಗತಿ. ಆದರೆ ಖಾಲಿ ಜಾರನ್ನು ಮೂಸಬಾರದು ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ ಎಂಬುದು ಅತ್ತಿಗೆಯ ವಾದವಾಗಿತ್ತು. ಪುರೋಹಿತರನ್ನು ಕೇಳಿದಾಗ ಅವರೂ ಸ್ವಲ್ಪ ಯೋಚನೆ ಮಾಡಿ, ಖಾಲಿ ಜಾರಿಗೆ ದೋಷವಿಲ್ಲ ಎಂದು ಒಪ್ಪಿಕೊಂಡರು.

ಆಮೇಲೆ ಕೊರೋನಾ ಬಂತು. ಎರಡನೆಯ ಅಲೆಯಲ್ಲಿ ಅಣ್ಣ ಅತ್ತಿಗೆ ಇಬ್ಬರೂ ಮಲಗಿದರು, ಇಬ್ಬರೂ ಎದ್ದರು. ಅದೇ ನಮಗೆ ದೊಡ್ಡದಾಗಿತ್ತು. ಆ ವರ್ಷದ ತಿಥಿಗೆ ನಾನೂ ಹೋಗಿದ್ದೆ. ಅತ್ತಿಗೆ ಇನ್ನೂ ಸೊರಗಿದ್ದರು, ಆದರೂ ಅಡುಗೆ ತಾವೇ ಮಾಡಿದರು. ಎಲ್ಲವೂ ಎಂದಿನ ಹಾಗೇ ನಡೆಯಿತು ಎಂದು ನಾನು ಹೊಟ್ಟೆ ತುಂಬ ಉಂಡು ಶಿವಮೊಗ್ಗಕ್ಕೆ ಬಂದೆ.

ಮುಂದಿನ ಸಲ ಹೋದಾಗ ನನ್ನ ಕುತೂಹಲ ಕೆರಳಿಸಿದ್ದು ಅವರ ಹಿತ್ತಲಿನ ಪಾಗಾರದ ಗೋಡೆ. ಅದರ ಮೇಲೆ ಒಂದು ಬಟ್ಟೆ ಹಾಸಿ, ಮಿಕ್ಸಿಯ ಎರಡು ಜಾರು, ಎರಡು ಮುಚ್ಚಳ, ಬಿಚ್ಚಿ ತೆಗೆದ ಬ್ಲೇಡುಗಳು, ಎರಡು ರಬ್ಬರು, ಎಲ್ಲವನ್ನೂ ಸಾಲಾಗಿ ಒಣಗಿಸಿದ್ದರು. ಹಪ್ಪಳಕ್ಕೂ ಅಷ್ಟು ಮರ್ಯಾದೆ ಸಿಗುವುದಿಲ್ಲ. ಯಾವುದಾದರೂ ಹಬ್ಬವೋ ಎಂದು ಕೇಳಿದೆ. ದಿನಾ ಹೀಗೇ ಎಂದು ಅಣ್ಣ ಪೇಪರಿನ ಹಿಂದಿನಿಂದ ಹೇಳಿದ. ಜಾರುಗಳ ಹಿಡಿಗೆ ಈಗ ದಾರ ಕಟ್ಟಿತ್ತು, ಒಂದಕ್ಕೆ ಕೆಂಪು, ಒಂದಕ್ಕೆ ಬಿಳಿ. ಅಷ್ಟು ವರ್ಷ ಹೇಳಿದರೂ ಕಟ್ಟದವರು ಈಗ ಯಾಕೆ ಕಟ್ಟಿದಿರಿ ಅಂದರೆ, ವಯಸ್ಸಾಯಿತಲ್ಲ, ಮರೆವು ಎಂದರು. ಮರೆವಿನವರು ನಾನು ಹೋದ ಬಾರಿ ಬಂದಾಗ ಹಾಕಿಕೊಂಡಿದ್ದ ಅಂಗಿಯ ಗುಂಡಿ ಬಿದ್ದಿದ್ದನ್ನು ನೆನಪಿಟ್ಟುಕೊಂಡು, ಹೊಲಿಸಿದೆಯಾ ಎಂದು ಕೇಳುವುದಿಲ್ಲ.

ಪ್ರಯೋಗಾಲಯದವನಿಗೆ ಇಂಥದ್ದು ಸಿಕ್ಕರೆ ಸಾಕು. ಕೊರೋನಾದ ನಂತರ ಎಷ್ಟೋ ಜನರಿಗೆ ಬಂದ ಹಾಗೆ ಇವರಿಗೂ ತೊಳೆಯುವ ಗೀಳು ಬಂದಿದೆ ಎಂಬುದು ನನ್ನ ಮೊದಲ ಊಹೆ. ಆದರೆ ಮಿಕ್ಕ ಪಾತ್ರೆಗಳನ್ನು ಎಂದಿನಂತೆಯೇ ತೊಳೆಯುತ್ತಿದ್ದರು. ಹಾಗಾದರೆ ಮಿಕ್ಸಿಯಲ್ಲೇ ಏನೋ ಕೆಟ್ಟಿರಬೇಕು ಎಂದು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮಾಚೇನಹಳ್ಳಿಗೆ ಒಯ್ದೆ. ಅಲ್ಲಿ ಮೋಟಾರಿಗೆ ತಂತಿ ಸುತ್ತುವ ವರ್ಕ್‌ಶಾಪ್ ಇಟ್ಟಿರುವ ಪರಿಚಯದವರೊಬ್ಬರಿದ್ದಾರೆ. ಅವರು ಬಿಚ್ಚಿ, ನೋಡಿ, ಕೂಡಿಸಿ, ಇದಕ್ಕೆ ಏನೂ ಆಗಿಲ್ಲ, ಇಷ್ಟು ಚೊಕ್ಕವಾಗಿರುವ ಮಿಕ್ಸಿಯನ್ನು ರಿಪೇರಿಗೆ ತಂದವರು ನೀವೇ ಮೊದಲಿಗರು ಎಂದು ಚಹಾ ಕುಡಿಸಿ ಕಳಿಸಿದರು. ನನ್ನ ಎರಡನೆಯ ಊಹೆಯೂ ಅಲ್ಲಿಗೆ ಮುಗಿಯಿತು.

ಇನ್ನೂ ಕೆಲವು ಸಂಗತಿಗಳನ್ನು ಕಂಡಿದ್ದೆ, ಕೂಡಿಸಿ ನೋಡಿರಲಿಲ್ಲ. ಅತ್ತಿಗೆ ನನ್ನನ್ನು ಅಡುಗೆಮನೆಗೆ ಕರೆದು ಕೂರಿಸಿಕೊಳ್ಳುತ್ತಿದ್ದರು. ಸಾರು ಕುದಿಯುವಾಗ ಘಮ ಹೇಗಿದೆ ಎಂದು ಕೇಳುತ್ತಿದ್ದರು. ಚೆನ್ನಾಗಿದೆ ಅಂದರೆ, ಚೆನ್ನಾಗಿದೆ ಅಂದರೆ ಹೇಗೆ ಎಂದು ಮತ್ತೆ ಕೇಳುತ್ತಿದ್ದರು. ಹೊಗಳಿಸಿಕೊಳ್ಳುವ ಆಸೆ ಈ ವಯಸ್ಸಿನಲ್ಲಿ ಬಂತಲ್ಲ ಎಂದು ನಾನು ಒಳಗೊಳಗೇ ನಕ್ಕಿದ್ದೆ.

ಮತ್ತೆ ಅಮ್ಮನ ತಿಥಿ ಬಂತು. ನಡುಮನೆಯಲ್ಲಿ ಅಣ್ಣ ಪುರೋಹಿತರ ಎದುರು ಕೂತಿದ್ದ. ನಾನು ಒದ್ದೆ ಪಂಚೆಯಲ್ಲಿ ಅಡುಗೆಮನೆಗೂ ನಡುಮನೆಗೂ ಓಡಾಡುತ್ತಿದ್ದೆ. ಅತ್ತಿಗೆ ಮಜ್ಜಿಗೆಹುಳಿಗೆಂದು ಕಾಯಿತುರಿ, ಜೀರಿಗೆ, ಕಾಳುಮೆಣಸು ಹಾಕಿ ರುಬ್ಬಿ, ಮಿಕ್ಸಿ ನಿಲ್ಲಿಸಿ, ಮುಚ್ಚಳ ತೆಗೆದು ತೊಳೆದಿಡಲು ನನ್ನ ಕೈಗೆ ಕೊಟ್ಟರು. ಬಿಳಿ ದಾರದ ಜಾರು, ಸರಿಯಾದ ಜಾರೇ. ಆದರೆ ಮುಚ್ಚಳ ಕೈಗೆ ಬಂದದ್ದೇ ತಡ, ಬೇಡವೆಂದರೂ ಮೂಗಿಗೆ ಬಡಿಯಿತು. ಬೆಳ್ಳುಳ್ಳಿ. ಹಿಂದಿನ ದಿನ ಎರಡೂ ರಬ್ಬರುಗಳನ್ನು ಪಾಗಾರದ ಮೇಲೆ ಒಣಗಿಸಿ, ವಾಪಸು ಹಾಕುವಾಗ ಒಂದರದ್ದು ಇನ್ನೊಂದಕ್ಕೆ ಹೋಗಿತ್ತು. ದಾರವನ್ನು ಜಾರುಗಳಿಗೆ ಕಟ್ಟಿದ್ದರು, ರಬ್ಬರಿಗೆ ಕಟ್ಟುವುದು ಹೇಗೆ? ಬಿಚ್ಚದೇ ಇದ್ದಿದ್ದರೆ ಈ ಎಡವಟ್ಟು ಆಗುತ್ತಲೇ ಇರಲಿಲ್ಲ.

"ಅತ್ತಿಗೆ, ಬೆಳ್ಳುಳ್ಳಿ ವಾಸನೆ," ಅಂದೆ.

ಅವರು ಮುಚ್ಚಳವನ್ನು ನನ್ನ ಕೈಯಿಂದ ತೆಗೆದುಕೊಂಡು, ಅದೇ ಹಳೆಯ ರೀತಿಯಲ್ಲಿ ಕಣ್ಣು ಅರೆಮುಚ್ಚಿ, ಮೂಗಿಗೆ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು. ಆಮೇಲೆ ನೋಡಿದ್ದು ಮುಚ್ಚಳವನ್ನಲ್ಲ, ನನ್ನ ಮುಖವನ್ನು.

"ನಂಗೆ ಏನೂ ಬರಲ್ಲ ಮಾರಾಯ," ಅಂದರು. "ಆ ಜ್ವರ ಬಿಟ್ಟ ಮೇಲಿಂದ ಏನೂ ಬರಲ್ಲ. ನಿಮ್ಮಣ್ಣಂಗೆ ಹೇಳ್ಬೇಡ. ಹೇಳಿದ್ರೆ ನನ್ನ ಈ ಒಲೆ ಹತ್ರ ಬಿಡಲ್ಲ."

ಇಷ್ಟು ದಿನ ತಮಾಷೆಯಾಗಿ ನೋಡಿದ್ದೆಲ್ಲ ಒಂದೊಂದಾಗಿ ಬಂದು ಎದುರು ನಿಂತಿತು. ಆದರೆ ಆಗ ಯೋಚಿಸುತ್ತ ನಿಲ್ಲಲು ಪುರೋಹಿತರು ಬಿಡಬೇಕಲ್ಲ. ಮಂತ್ರ ಮುಗಿಯುತ್ತ ಬಂದಿತ್ತು. ರುಬ್ಬಿದ್ದನ್ನು ಹಿತ್ತಲಲ್ಲಿ ಚೆಲ್ಲಿದೆವು. ಜಾರನ್ನು ನಾನು ಮೂಸಿದೆ, ಅದರಲ್ಲಿ ಏನೂ ಇರಲಿಲ್ಲ. ನಾನು ಅದನ್ನು ತೊಳೆಯುವಷ್ಟರಲ್ಲಿ ಅತ್ತಿಗೆ ಇನ್ನೊಂದು ಕಾಯಿ ಒಡೆದು ತುರಿದರು. ಆ ಮುಚ್ಚಳವನ್ನೂ ರಬ್ಬರನ್ನೂ ಬದಿಗಿಟ್ಟು, ಒಂದು ತಟ್ಟೆಯನ್ನೇ ಜಾರಿನ ಬಾಯಿಗೆ ಮುಚ್ಚಿ, ಎರಡೂ ಕೈಯಿಂದ ಒತ್ತಿ ಹಿಡಿಯುವ ಕೆಲಸ ನನ್ನದಾಯಿತು. ರಬ್ಬರಿಲ್ಲದೆ ಮಿಕ್ಸಿ ತಿರುಗಿಸಿದರೆ ಏನಾಗುತ್ತದೆ ಎಂಬ ಕುತೂಹಲ ನಿಮಗೆ ಎಂದಾದರೂ ಬಂದಿದ್ದರೆ, ಪ್ರಯೋಗ ಮಾಡಬೇಡಿ. ನನ್ನ ಎದೆ, ಜನಿವಾರ, ಹುಬ್ಬು, ಅಡುಗೆಮನೆಯ ಗೋಡೆಯ ಮೇಲಿನ ಕ್ಯಾಲೆಂಡರಿನ ತನಕ ಕಾಯಿಹಾಲು ಹಾರಿತು. ಅತ್ತಿಗೆ ಕಣ್ಣಲ್ಲಿ ನೀರು ತುಂಬಿಕೊಂಡೇ ನಕ್ಕುಬಿಟ್ಟರು.

ಆ ತರಾತುರಿಯಲ್ಲೇ ಅವರು ಇನ್ನೊಂದು ಮಾತು ಹೇಳಿದರು. ಹಿಂದಿನ ವರ್ಷದ ತಿಥಿಯ ಹೊತ್ತಿಗೆ ದಾರ ಕಟ್ಟಿರಲಿಲ್ಲ. ಜ್ವರದ ನಿಶ್ಶಕ್ತಿ, ಮೂಗು ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂಬ ಆಸೆ. ಜಾರನ್ನು ಎತ್ತಿ ಮೂಸಿದರು, ವಾಸನೆ ಬರಲಿಲ್ಲ, ಇದೇ ಮಡಿ ಜಾರು ಎಂದುಕೊಂಡು ರುಬ್ಬಿದರು. ಊಟವೆಲ್ಲ ಮುಗಿದ ಮೇಲೆ ಹೊಳೆಯಿತು, ತಮಗೆ ಯಾವ ಜಾರು ಎತ್ತಿದರೂ ವಾಸನೆ ಬರುವುದಿಲ್ಲವಲ್ಲ ಎಂದು. ಅತ್ತೆಯ ತಿಥಿಗೆ ಬೆಳ್ಳುಳ್ಳಿ ಜಾರಿನಲ್ಲೇ ರುಬ್ಬಿ ಹಾಕಿದೆನೋ ಏನೋ ಎಂಬ ಸಂಕಟ ಆ ದಿನದಿಂದ ಹಿಡಿದುಕೊಂಡಿತ್ತು. ಬಿಚ್ಚಿ ಬಿಚ್ಚಿ ತೊಳೆಯಲು ಶುರುಮಾಡಿದ್ದು ಅದಕ್ಕೆ. ಹೋದ ವರ್ಷ ನೀನೂ ಉಂಡೆಯಲ್ಲ, ವಾಸನೆ ಇತ್ತಾ ಎಂದು ಕೇಳಿದರು. ಖಂಡಿತ ಇರಲಿಲ್ಲ ಎಂದೆ. ನಾನು ಸುಳ್ಳು ಹೇಳಲಿಲ್ಲ, ನನಗೆ ನಿಜವಾಗಿ ಏನೂ ಗೊತ್ತಾಗಿರಲಿಲ್ಲ.

ಬ್ರಾಹ್ಮಣರು ಉಂಡು ಎದ್ದರು. ಅಣ್ಣನದೂ ನನ್ನದೂ ಊಟವಾಯಿತು. ಕಡೆಯಲ್ಲಿ ಅತ್ತಿಗೆಯನ್ನು ಕೂರಿಸಿ ನಾನೇ ಬಡಿಸಿದೆ. ಅಣ್ಣ ಅಲ್ಲೇ ಬಾಗಿಲ ಹತ್ತಿರ ಕುರ್ಚಿಯಲ್ಲಿ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದ. ಅತ್ತಿಗೆ ಎಲೆಯ ಮುಂದೆ ಕೈಕಟ್ಟಿ ಕೂತವರು ಕೂತೇ ಇದ್ದರು. ಅಣ್ಣನಿಗೆ ಹೇಳಬೇಡ ಎಂದು ನನ್ನ ಬಾಯಿ ಕಟ್ಟಿದ್ದವರು ತಾವೇ, ರೀ, ಒಂದು ವಿಷಯ ಎಂದು ಶುರುಮಾಡಿ, ಮೂಗಿನದು, ಜಾರಿನದು, ರಬ್ಬರಿನದು, ಹೋದ ವರ್ಷದ್ದು, ಎಲ್ಲವನ್ನೂ ಹೇಳಿಬಿಟ್ಟರು. ಒಂದು ವರ್ಷ ಹೊತ್ತದ್ದು ಭಾರವಾಗಿತ್ತು ಅಂತ ಕಾಣುತ್ತದೆ. ಇನ್ನು ಅಡುಗೆಯವರನ್ನು ಕರೆಸುವುದಾದರೆ ಕರೆಸಿ ಎಂದು ಹೇಳುವಾಗ ಅವರ ಸ್ವರ ಸಣ್ಣಗಾಯಿತು. ಅಣ್ಣನ ತಿಥಿಯ ಕಟ್ಟುನಿಟ್ಟು ಕಂಡವನಾದ ನನಗೆ ಅಲ್ಲಿಂದ ಎದ್ದು ಹೋಗೋಣ ಅನ್ನಿಸಿತು.

ಅಣ್ಣ ಅಡಿಕೆ ಜಗಿಯುವುದನ್ನು ನಿಲ್ಲಿಸಿದ.

"ಬಂದಿತ್ತು," ಅಂದ.

"ಏನು?"

"ವಾಸನೆ. ಹೋದ ವರ್ಷ, ಮಜ್ಜಿಗೆಹುಳೀಲಿ. ದಿನಾ ತಿನ್ನೋನಿಗೆ ಗೊತ್ತಾಗಲ್ವಾ?"

ಅತ್ತಿಗೆಯ ಮುಖ ಬಿಳಿಚಿಕೊಂಡಿತು. ಮತ್ತೆ ಯಾಕೆ ಹೇಳಲಿಲ್ಲ ಎಂದು ಅವರು ಕೇಳಿದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ.

"ಬ್ರಾಹ್ಮಣರು ತೃಪ್ತಿ ಆಯ್ತು ಅಂತ ಎದ್ದಾಗಿತ್ತು. ನೀನು ಗೋಡೆ ಹಿಡ್ಕೊಂಡು ನಿಂತಿದ್ದೆ. ಅಮ್ಮಂಗೆ ಮನಸ್ಸಲ್ಲೇ ಹೇಳ್ದೆ, ಅವಳಿಗೆ ಹುಷಾರಿಲ್ಲ, ಈ ಸಲ ಹೀಗೇ ತಗೋ ಅಂತ." ಅಡಿಕೆಯನ್ನು ಕೆನ್ನೆಗೆ ಒತ್ತಿಕೊಂಡು, "ಬಡಿಸಿದ್ದನ್ನ ಪೂರ್ತಿ ಉಂಡೆ," ಅಂದ.

ಅತ್ತಿಗೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಎಲೆಯ ಸೀಳಿಗೆ ರೇಗುವ ಈ ಮನುಷ್ಯನ ಒಳಗೆ ಹೀಗೊಂದು ಜಾಗ ಇದೆ ಎಂದು, ಅವನ ಜೊತೆ ಹುಟ್ಟಿ ಬೆಳೆದ ನನಗೇ ಗೊತ್ತಿರಲಿಲ್ಲ. ಅತ್ತಿಗೆಯ ಮೂಗು ಹೋಗಿದೆ ಎಂದು ಅವನಿಗೆ ಅವತ್ತಿನಿಂದಲೇ ಅನುಮಾನವಿತ್ತಂತೆ. ಗ್ಯಾಸಿನ ಭಯಕ್ಕೆ, ದಿನವೂ ತಾನೇ ಎದ್ದು ರೆಗ್ಯುಲೇಟರ್ ಮುಚ್ಚಿದೆಯೋ ಇಲ್ಲವೋ ನೋಡುತ್ತಿದ್ದನಂತೆ. ಹೇಳಿದರೆ ಇವಳು ತಾನಾಗಿಯೇ ಅಡುಗೆಮನೆ ಬಿಟ್ಟುಬಿಡುತ್ತಾಳೆ ಎಂದು ಬಾಯಿ ಬಿಟ್ಟಿರಲಿಲ್ಲ. ಹೇಳಿದರೆ ಅಡುಗೆಮನೆಗೆ ಬಿಡುವುದಿಲ್ಲ ಎಂದು ಅವರೂ ಬಾಯಿ ಬಿಟ್ಟಿರಲಿಲ್ಲ.

ಅಡುಗೆಯವರ ಮಾತನ್ನು ಅತ್ತಿಗೆ ಇನ್ನೊಮ್ಮೆ ಎತ್ತಿದಾಗ ಅಣ್ಣ ನನ್ನ ಕಡೆ ತಿರುಗಿದ.

"ಅಡುಗೆಯವರು ಯಾಕೆ? ಇವನಿಗೆ ಮೂಗಿಲ್ವಾ?"

ನನ್ನ ಮೂಗು ಅಷ್ಟು ನಂಬಿಕೆಗೆ ಯೋಗ್ಯವಾದದ್ದಲ್ಲ, ಹೋದ ವರ್ಷ ನನಗೆ ಏನೂ ತಿಳಿಯಲಿಲ್ಲವಲ್ಲ ಎಂದು ವಿನಯದಿಂದ ನೆನಪಿಸಿದೆ. ಗೊತ್ತು, ಅದೇ ಮಜ್ಜಿಗೆಹುಳಿಯನ್ನು ನೀನು ಎರಡು ಸಲ ಬಡಿಸಿಕೊಂಡೆ ಎಂದ. ಕಲಿತುಕೋ ಎಂದ.

ಹಾಗೆ ನಿವೃತ್ತನಾದ ಮೇಲೆ ನನಗೆ ಇನ್ನೊಂದು ವಿದ್ಯಾಭ್ಯಾಸ ಶುರುವಾಯಿತು. ದಿನಾ ಸಂಜೆ ಅತ್ತಿಗೆಯ ಫೋನು. ಇವತ್ತು ಏನು ವಾಸನೆ ಬಂತು ಹೇಳು ಅನ್ನುತ್ತಾರೆ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಎರಡೇ ಉತ್ತರ ಇಟ್ಟುಕೊಂಡಿದ್ದವನಿಗೆ ಅವರು ಕಮಟು ಬೇರೆ, ಮುಗ್ಗಲು ಬೇರೆ, ಹಳಸಿದ್ದು ಬೇರೆ, ಸೀದದ್ದು ಬೇರೆ ಎಂದು ಬಿಡಿಸಿ ಕಲಿಸಿದರು. ಹಳೇ ಕೊಬ್ಬರಿಯ ಕಮಟಿಗೂ ಹಳೇ ಎಣ್ಣೆಯ ಕಮಟಿಗೂ ವ್ಯತ್ಯಾಸವಿದೆ ಎಂದು ಈಗ ನಾನು ಯಾರ ಎದುರಿಗಾದರೂ ವಾದ ಮಾಡಬಲ್ಲೆ. ಗಾಂಧಿ ಬಜಾರಿಗೆ ಹೋದರೆ ಕಾಫಿಪುಡಿ ಅಂಗಡಿಯ ಮುಂದೆ, ಇಂಗಿನ ಅಂಗಡಿಯ ಮುಂದೆ, ಊದುಬತ್ತಿಯವನ ಮುಂದೆ ಬೇಕೆಂದೇ ನಿಧಾನ ಮಾಡುತ್ತೇನೆ. ಸಂಜೆ ಒಪ್ಪಿಸಬೇಕಲ್ಲ. ಇಷ್ಟು ವರ್ಷ ಇದೇ ಊರಿನಲ್ಲಿ ಮೂಗು ಕಟ್ಟಿಕೊಂಡು ಓಡಾಡಿದ್ದೆನೋ ಎಂದು ಆಶ್ಚರ್ಯವಾಗುತ್ತದೆ.

ನಾನು ಅವರಿಂದ ಕೇಳಿದ್ದೂ ಕಡಿಮೆಯಿಲ್ಲ. ವಾಸನೆಯಿಲ್ಲದೆ ಅಡುಗೆ ಹೇಗೆ ಮಾಡುತ್ತೀರಿ ಎಂಬುದು ನನಗೆ ತೀರದ ಕುತೂಹಲ. ಕಿವಿ ಇದೆಯಲ್ಲ ಅನ್ನುತ್ತಾರೆ. ಸಾಸಿವೆಯ ಕೊನೆಯ ಚಟಪಟ ಕೇಳಿದೊಡನೆ ಒಲೆ ಸಣ್ಣ ಮಾಡುತ್ತಾರೆ. ಒಲೆ ಹಚ್ಚುವ ಮೊದಲು ಕಿಟಕಿ ತೆರೆದು, ಗ್ಯಾಸು ಸೋರುವ ಸದ್ದಿದೆಯೋ ಎಂದು ಬಗ್ಗಿ ಆಲಿಸುತ್ತಾರೆ. ಕಾಯಿ ನುಣ್ಣಗಾಯಿತೋ ಇಲ್ಲವೋ ಮಿಕ್ಸಿಯ ಸದ್ದು ತೆಳ್ಳಗಾದದ್ದರಿಂದ ತಿಳಿಯುತ್ತದಂತೆ. ರಬ್ಬರಿಗೆ ಜಿಡ್ಡು ಉಳಿದಿದ್ದರೆ ಬೆರಳು ಹೇಳುತ್ತದಂತೆ. ಡಾಕ್ಟರು ಮಾತ್ರ, ಮೂಗು ಬರಬಹುದು, ಬರದೆಯೂ ಇರಬಹುದು ಎಂದು ಹೇಳಿ ಸುಮ್ಮನಾಗಿದ್ದಾರೆ. ಇನ್ನೂ ಬಂದಿಲ್ಲ. ಅತ್ತಿಗೆ ಆ ಮಾತು ತೆಗೆಯುವುದಿಲ್ಲ, ನಾನು ಕೇಳುವುದಿಲ್ಲ.

ನಾಡಿದ್ದು ಅಮ್ಮನ ತಿಥಿ. ಅದಕ್ಕೇ ಇವತ್ತು ಮನೆಯ ರಬ್ಬರಿನ ಮೇಲೆ ನನ್ನ ಅಭ್ಯಾಸ ನಡೆದಿತ್ತು. ಕಡಲೆಹಿಟ್ಟು ಹಚ್ಚಿ ಉಜ್ಜಿ, ಸೋಡಾ ನೀರಿನಲ್ಲಿ ನೆನೆಸಿ, ಕಿಟಕಿಯ ಬಿಸಿಲಲ್ಲಿ ಆರಿಸಿ ಎತ್ತಿಕೊಳ್ಳುವ ಹೊತ್ತಿಗೆ ಅತ್ತಿಗೆಯ ಫೋನು ಬಂತು. ಎಂದಿನ ಪ್ರಶ್ನೆ ಕೇಳಿದರು. ಸ್ಪೀಕರಿಗೆ ಹಾಕಿ, ಕಣ್ಣು ಮುಚ್ಚಿ, ರಬ್ಬರನ್ನು ಮೂಗಿಗೆ ಹಿಡಿದು ಉಸಿರೆಳೆದುಕೊಂಡೆ. ಪುದೀನ ಇಲ್ಲ, ಶುಂಠಿ ಇಲ್ಲ, ಬೆಳ್ಳುಳ್ಳಿ ಇಲ್ಲ. ಇನ್ನೊಮ್ಮೆ ಎಳೆದುಕೊಂಡೆ. ಬೆಳಿಗ್ಗೆಯಷ್ಟೇ ಅಷ್ಟೊಂದು ಇದ್ದ ಕಡೆ ಈಗ ಬರೀ ಖಾಲಿ. ಅತ್ತಿಗೆ ಮೂರು ಹೊತ್ತೂ ಇರುವುದು ಈ ಖಾಲಿಯೊಳಗೇ ಎಂದು ಆ ಕ್ಷಣ ಅನ್ನಿಸಿತು.

"ಏನೂ ಬರ್ತಿಲ್ಲ ಅತ್ತಿಗೆ," ಅಂದೆ.



"ನಂಗೂ ಇಲ್ಲ," ಅಂದರು. "ಆದ್ರೆ ನಿಂದು ಚೆನ್ನಾಗಿ ತೊಳ್ದಿದ್ದಕ್ಕೆ." ಆಮೇಲೆ ನಕ್ಕರು. "ನಾಡಿದ್ದು ಬೇಗ ಬಾ ಮಾರಾಯ. ಮೂಸಿ ಕೊಟ್ರೆ ಸಾಕು, ರುಬ್ಬೋಳು ನಾನೇ."